ಸಂಗಾತಿ ತೋಳ ಪ್ರತಿ ಕಾಳಗದಲ್ಲೂ ಸಾಯುವುದೇಕೆ?

ಪ್ರಶ್ನೆ: ಪೆರ್ಲ, ಬದಿಯಡ್ಕ ಕಡೆಯ ನಾವು ಐವರು ಗೆಳೆಯರು ಭಾನುವಾರಗಳಂದು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಪಾತ್ರ ವಹಿಸುವ ಮೇಜಿನ ಆಟದ ಐದನೆಯ ಆವೃತ್ತಿಯನ್ನು 2014ರ ಪುಸ್ತಕದ ಪ್ರಕಾರ ಆಡುತ್ತೇವೆ. ನನ್ನದು ಐದನೆಯ ಹಂತದ ರೇಂಜರ್ (ಕಾಡಿನ ಬೇಟೆಗಾರ), ಅದರಲ್ಲಿ ಪ್ರಾಣಿಯನ್ನು ಸಂಗಾತಿಯಾಗಿ ಇಟ್ಟುಕೊಳ್ಳುವ ಬೀಸ್ಟ್ ಮಾಸ್ಟರ್ ಎಂಬ ಬಗೆ. ಕೈಯಲ್ಲಿ ಬಿಲ್ಲು, ಜೊತೆಗೆ ಬೊಳ್ಳು ಎಂಬ ತೋಳ. ಉಳಿದ ಮೂವರಲ್ಲಿ ಒಬ್ಬರು ಫೈಟರ್ (ಯೋಧ), ಒಬ್ಬರು ರೋಗ್ (ಸಂದು ನೋಡಿ ಹೊಡೆಯುವ ಕಳ್ಳ), ಇನ್ನೊಬ್ಬರು ಗೂಬೆಯನ್ನು ಜೊತೆಗಿಟ್ಟುಕೊಂಡ ವಿಝರ್ಡ್ (ಮಂತ್ರವಾದಿ). ಕಳೆದ ಆಟದಲ್ಲಿ ಗೇಮ್ ಮಾಸ್ಟರ್ (ಕಥೆ ನಡೆಸಿ ಶತ್ರುಗಳನ್ನು ಆಡಿಸುವ ಐದನೆಯ ಗೆಳೆಯ) ಬೇಕಲ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಕ್ಷೆಯಲ್ಲಿ, ಹತ್ತಡಿ ಅಗಲದ ಬಾಗಿಲಲ್ಲಿ ನಿಂತಿದ್ದ ಓಗರ್ ಎಂಬ ರಾಕ್ಷಸ ಜೀವಿಯ ಮೇಲೆ ಬೊಳ್ಳುವನ್ನು ಬಿಟ್ಟೆ. ಎರಡೇ ಏಟಿಗೆ ಅದು ಸತ್ತಿತು. ನಾನು ಕಳೆದುಕೊಂಡ ಮೂರನೆಯ ತೋಳ ಇದು. ಪ್ರಾಣಿಯನ್ನು ಬಿಟ್ಟು ಬೇರೆ ಬಗೆಯ ರೇಂಜರ್ ಆಗಲು ಗೆಳೆಯರು ಹೇಳುತ್ತಿದ್ದಾರೆ, ನನಗೆ ಮನಸ್ಸಿಲ್ಲ. ಸಂಗಾತಿ ಪ್ರಾಣಿಯನ್ನು ಕಾಳಗದಲ್ಲಿ ಹೇಗೆ ಬಳಸಬೇಕು? ಮುಂದೆ ಪಾತ್‌ಫೈಂಡರ್ ಎಂಬ ಇದೇ ಬಗೆಯ ಆಟದ ಎರಡನೆಯ ಆವೃತ್ತಿಗೆ ಬದಲಾಯಿಸುವ ಮಾತೂ ನಡೆದಿದೆ. ಅಲ್ಲಿಯೂ ಇದೇ ಪಾಡೇ?

ಉತ್ತರ: ತೋಳವನ್ನು ಬಿಡಬೇಡಿ. 2014ರ ಬೀಸ್ಟ್ ಮಾಸ್ಟರ್ ಬಗ್ಗೆ ಆಟಗಾರರಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ ಎಂಬುದು ನಿಜ, ಆ ಟೀಕೆಗೆ ಆಧಾರವೂ ಇದೆ. ಆದರೂ ನಿಮ್ಮ ತೋಳಗಳು ಸಾಯುತ್ತಿರುವ ರೀತಿಯನ್ನು ನೋಡಿದರೆ, ತೊಂದರೆಯ ದೊಡ್ಡ ಪಾಲು ನೀವು ಕೊಡುತ್ತಿರುವ ಆಜ್ಞೆಯಲ್ಲಿದೆ ಎಂದೇ ನನಗೆ ಅನಿಸುತ್ತದೆ. ಪ್ರತಿ ಸರದಿಯಲ್ಲಿಯೂ ನೀವು ಅದಕ್ಕೆ ಕಚ್ಚಲು ಹೇಳುತ್ತಿದ್ದೀರಿ. ಸಂಗಾತಿ ಪ್ರಾಣಿಯ ಮುಖ್ಯ ಬಲ ಇರುವುದು ಅದು ನಿಲ್ಲುವ ಜಾಗದಲ್ಲಿ. ಕಚ್ಚುವುದು ಎರಡನೆಯ ಮಾತು. ಅದು ಎಲ್ಲಿ ನಿಂತರೆ ಶತ್ರುವಿನ ಮುಂದಿನ ಸರದಿ ಕೆಡುತ್ತದೆ ಎಂದು ಮೊದಲು ಯೋಚಿಸಿ, ಕಚ್ಚಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಿ.

ಕಳೆದ ವಾರದ ಕಾಳಗದ ಲೆಕ್ಕವನ್ನೇ ಬಿಡಿಸಿ ನೋಡೋಣ. ಪುಸ್ತಕದಲ್ಲಿರುವ ಸಾಮಾನ್ಯ ತೋಳಕ್ಕೆ 11 ಹಿಟ್ ಪಾಯಿಂಟ್ (ಜೀವದ ಅಂಕ) ಮತ್ತು 13ರ ಆರ್ಮರ್ ಕ್ಲಾಸ್ (ಏಟು ತಾಗಲು ದಾಳಿ ಮಾಡುವವರು ಮುಟ್ಟಬೇಕಾದ ಅಂಕ) ಇರುತ್ತದೆ. ಅದು ಸಂಗಾತಿಯಾದಾಗ ನಿಮ್ಮ ಹಂತದ ನಾಲ್ಕು ಪಟ್ಟು ಹಿಟ್ ಪಾಯಿಂಟ್ ಸಿಗುವುದರಿಂದ ಬೊಳ್ಳುವಿಗೆ 20 ಆಗುತ್ತದೆ. ನಿಮ್ಮ ಪ್ರೊಫಿಷಿಯನ್ಸಿ ಬೋನಸ್ (ಹಂತಕ್ಕೆ ತಕ್ಕಂತೆ ಬೆಳೆಯುವ ನೈಪುಣ್ಯದ ಅಂಕ) 3 ಕೂಡಿಕೊಂಡು ಆರ್ಮರ್ ಕ್ಲಾಸ್ 16 ಆಗುತ್ತದೆ. ಓಗರ್ ದಾಳಿಗೆ +6 ಇದೆ, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏಟು ತಾಗುತ್ತದೆ, ಶೇ. 55ರ ಸಾಧ್ಯತೆ. ಅದರ ಗದೆಯ ಏಟಿಗೆ ಸರಾಸರಿ 13 ಹಿಟ್ ಪಾಯಿಂಟ್ ನಷ್ಟ, ದಾಳಗಳು ಪೂರ್ತಿ ಬಿದ್ದರೆ 20. ಎರಡು ಏಟು ತಾಗಿದರೆ ನಿಮ್ಮ ತೋಳ ಉಳಿಯುವುದು ಅಪರೂಪ, ಎರಡು ಸುತ್ತುಗಳಲ್ಲಿ ಎರಡೂ ತಾಗುವ ಸಾಧ್ಯತೆ ಶೇ. 30.

ಈಗ ನೀವು ಬಹುಶಃ ಬಳಸದೆ ಬಿಟ್ಟಿರುವ ಒಂದು ನಿಯಮವನ್ನು ನೋಡಿ. 2018ರಲ್ಲಿ ಪ್ರಕಟವಾದ ತಿದ್ದುಪಡಿಯ ಪ್ರಕಾರ, ನೀವು ಆಜ್ಞೆ ಕೊಡದಿದ್ದರೆ ಸಂಗಾತಿ ಪ್ರಾಣಿ ತಾನಾಗಿಯೇ ಡಾಡ್ಜ್ ಮಾಡುತ್ತದೆ, ಅಂದರೆ ಏಟು ತಪ್ಪಿಸಿಕೊಳ್ಳುವುದರಲ್ಲಿಯೇ ಗಮನ ಇಡುತ್ತದೆ. ಇದಕ್ಕೆ ನಿಮ್ಮ ಆಕ್ಷನ್, ಅಂದರೆ ಸರದಿಗೆ ಒಂದೇ ಸಿಗುವ ಮುಖ್ಯ ಕೆಲಸ, ಖರ್ಚಾಗುವುದಿಲ್ಲ. ಎಲ್ಲಿಗೆ ಹೋಗಿ ನಿಲ್ಲಬೇಕೆಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ಖರ್ಚಿಲ್ಲ. ಡಾಡ್ಜ್ ಮಾಡುತ್ತಿರುವ ಪ್ರಾಣಿಯ ಮೇಲೆ ದಾಳಿ ಮಾಡುವವರು ಎರಡು ದಾಳ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು, ಅವರು ಅದರ ಕಣ್ಣಿಗೆ ಕಾಣುತ್ತಿರಬೇಕು ಅಷ್ಟೆ. ಓಗರ್‌ನ ಶೇ. 55 ಆಗ ಶೇ. 30ಕ್ಕೆ ಇಳಿಯುತ್ತದೆ, ಎರಡು ಸುತ್ತುಗಳಲ್ಲಿ ಎರಡೂ ಏಟು ತಾಗುವ ಸಾಧ್ಯತೆ ಶೇ. 9 ಮಾತ್ರ.

ಹಾಗಾದರೆ ಕಚ್ಚಿಸದೆ ಬಿಟ್ಟರೆ ನಷ್ಟವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಐದನೆಯ ಹಂತದಲ್ಲಿ ನಿಮಗೆ ಒಂದು ಆಕ್ಷನ್‌ನಲ್ಲಿ ಎರಡು ಬಾಣ ಬಿಡುವ ಶಕ್ತಿಯಿದೆ. ತೋಳಕ್ಕೆ ದಾಳಿಯ ಆಜ್ಞೆ ಕೊಟ್ಟರೆ ಎರಡನೆಯ ಬಾಣವನ್ನು ಬಿಟ್ಟುಕೊಟ್ಟು ಒಂದು ಕಚ್ಚುವಿಕೆಯನ್ನು ಪಡೆಯುತ್ತೀರಿ. ಬೊಳ್ಳು ಕಚ್ಚಿದರೆ ಸರಾಸರಿ 10 ನಷ್ಟ. ಡೆಕ್ಸ್‌ಟೆರಿಟಿ (ಚುರುಕುತನ) 18 ಇರುವ ರೇಂಜರ್‌ನ ಲಾಂಗ್‌ಬೋ ಬಾಣಕ್ಕೆ 8.5, ಹಂಟರ್ಸ್ ಮಾರ್ಕ್ ಮಂತ್ರ ಹಾಕಿದ್ದರೆ 12. ಹೀಗಾಗಿ ಒಂದು ಬಾಣವನ್ನು ಕಚ್ಚುವಿಕೆಗೆ ಬದಲಾಯಿಸಿಕೊಂಡಾಗ ನಷ್ಟದ ಲೆಕ್ಕದಲ್ಲಿ ನಿಮಗೆ ಸಿಗುವ ಲಾಭ ಏನೂ ಇಲ್ಲವೆನ್ನುವಷ್ಟು ಕಡಿಮೆ, ಆದರೆ ತೋಳ ತನ್ನ ರಕ್ಷಣೆಯನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಈ ವ್ಯಾಪಾರವನ್ನು ವಿಶೇಷ ಕಾರಣವಿಲ್ಲದೆ ಮಾಡಬಾರದು.

ಶತ್ರುವಿನ ಪಕ್ಕದಲ್ಲಿ ಸುಮ್ಮನೆ ನಿಂತ ತೋಳ ನಿಜವಾಗಿ ಸುಮ್ಮನಿರುವುದಿಲ್ಲ. ಶತ್ರು ಅದರ ಅಳವಿನಿಂದ ಹೊರಗೆ ಕಾಲಿಟ್ಟರೆ ಆಪರ್ಚುನಿಟಿ ಅಟ್ಯಾಕ್ ಆಗಿ ಒಂದು ಪೂರ್ಣ ಕಚ್ಚುವಿಕೆ ಸಿಗುತ್ತದೆ. ಇದು ಅದರ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಕೊಡುವ ಪ್ರತಿಕ್ರಿಯೆ), ನಿಮ್ಮ ಆಜ್ಞೆ ಬೇಕಾಗಿಲ್ಲ. ಆ ಹೊತ್ತಿಗೆ ನಿಮ್ಮ ಫೈಟರ್ ಕೂಡ ಆ ಶತ್ರುವಿನ ಐದಡಿಯೊಳಗಿದ್ದರೆ ಪ್ಯಾಕ್ ಟ್ಯಾಕ್ಟಿಕ್ಸ್ ಎಂಬ ಗುಣದಿಂದ ತೋಳಕ್ಕೆ ಅಡ್ವಾಂಟೇಜ್, ಅಂದರೆ ಎರಡು ದಾಳಗಳಲ್ಲಿ ಹೆಚ್ಚಿನದು ಸಿಗುತ್ತದೆ. ಈ ಗುಣಕ್ಕೆ ಎದುರುಬದುರು ನಿಲ್ಲಬೇಕೆಂಬ ಷರತ್ತಿಲ್ಲ, ಗೆಳೆಯನೊಬ್ಬ ಶತ್ರುವಿನ ಪಕ್ಕದಲ್ಲಿ ಎಚ್ಚರದಿಂದಿದ್ದರೆ ಸಾಕು. ಆ ಗೆಳೆಯ ವಿಝರ್ಡ್‌ನ ಗೂಬೆಯೂ ಆಗಬಹುದು. ನಿಮ್ಮ ರೋಗ್‌ಗಂತೂ ತೋಳದಿಂದ ಇನ್ನೂ ದೊಡ್ಡ ಉಪಕಾರವಿದೆ. ರೋಗ್ ಗುರಿಯಿಟ್ಟ ಶತ್ರುವಿನ ಐದಡಿಯೊಳಗೆ ಅದರ ಇನ್ನೊಬ್ಬ ವೈರಿ ಇದ್ದರೆ ಸ್ನೀಕ್ ಅಟ್ಯಾಕ್ ನಡೆಯುತ್ತದೆ, ಐದನೆಯ ಹಂತದಲ್ಲಿ ಅದು ಆರು ಮುಖದ ಮೂರು ದಾಳಗಳ ಹೆಚ್ಚುವರಿ ನಷ್ಟ. ಫೈಟರ್ ಬೇರೆ ಕಡೆ ಸಿಕ್ಕಿಬಿದ್ದಿರುವಾಗ ಬೊಳ್ಳು ಬರಿದೇ ಒಬ್ಬ ಶತ್ರುವಿನ ಪಕ್ಕಕ್ಕೆ ಹೋಗಿ ನಿಂತರೂ ತನ್ನ ಕಚ್ಚುವಿಕೆಗಿಂತ ಹೆಚ್ಚಿನ ಕೆಲಸವನ್ನು ರೋಗ್ ಕೈಯಿಂದ ಮಾಡಿಸಿದಂತಾಗುತ್ತದೆ.

ನಮ್ಮ ಕಡೆಯ ಅಡಿಕೆ ತೋಟಗಳಿಗೆ ಕಾಡುಹಂದಿ ನುಗ್ಗಿದಾಗ ನಾಯಿಗಳು ಮಾಡುವುದನ್ನು ನೀವು ಕಂಡಿರಬಹುದು. ಅನುಭವವುಳ್ಳ ನಾಯಿ ಕೋರೆಯ ಎದುರಿಗೆ ಹೋಗುವುದಿಲ್ಲ. ಒಂದು ಮುಂದೆ ನಿಂತು ಬೊಗಳಿ ಹಂದಿಯ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡರೆ ಇನ್ನೊಂದು ಹಿಂದಿನಿಂದ ಬರುತ್ತದೆ, ಹಂದಿ ತಿರುಗಿದ ಕೂಡಲೇ ಎರಡೂ ಸ್ಥಾನ ಬದಲಿಸುತ್ತವೆ. ಆಟದ ತೋಳವನ್ನೂ ಇದೇ ಕ್ರಮದಲ್ಲಿ ನಡೆಸಿದರೆ ನಿಯಮಗಳು ತಾವಾಗಿಯೇ ಕೂಡಿಬರುತ್ತವೆ.

ಬಿಲ್ಲು, ಬಾಣ, ಮಂತ್ರಗಳಿಂದ ದೂರದಿಂದ ಹೊಡೆಯುವ ಶತ್ರುಗಳ ಮೇಲೆ ತೋಳದ ಉಪಯೋಗ ಎಲ್ಲಕ್ಕಿಂತ ಹೆಚ್ಚು. ಐದಡಿಯೊಳಗೆ ವೈರಿಯಿದ್ದಾಗ ದೂರದ ದಾಳಿಗೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ದಾಳಗಳಲ್ಲಿ ಕಡಿಮೆಯದು, ಬರುತ್ತದೆ. ತೋಳ ಒಂದು ಸರದಿಯಲ್ಲಿ 40 ಅಡಿ ಓಡಬಲ್ಲದು, ಮನುಷ್ಯರ ಓಟ ಸಾಮಾನ್ಯವಾಗಿ 30. ಕಾಳಗ ಶುರುವಾದ ಕೂಡಲೇ ಅದನ್ನು ಬದಿಯಿಂದ ಸುತ್ತಿಸಿ ಶತ್ರುವಿನ ಬಿಲ್ಲುಗಾರನ ಪಕ್ಕಕ್ಕೆ ಕಳುಹಿಸಿ, ಅಲ್ಲಿ ಡಾಡ್ಜ್ ಮಾಡುತ್ತ ನಿಲ್ಲಲಿ. ಬಿಲ್ಲುಗಾರ ಬಿಟ್ಟುಹೋಗಲು ನೋಡಿದರೆ ಕಚ್ಚುವಿಕೆ ಕಾದಿದೆ, ನಿಂತಲ್ಲಿಂದಲೇ ಬಾಣ ಬಿಟ್ಟರೆ ಗುರಿ ಕೆಡುತ್ತದೆ, ತೋಳವನ್ನೇ ಹೊಡೆಯಲು ಕತ್ತಿ ತೆಗೆದರೆ ನಿಮ್ಮ ವಿಝರ್ಡ್ ಮೇಲೆ ಬೀಳಬೇಕಿದ್ದ ಬಾಣಗಳು ನಿಂತವು. ಗಾಬ್ಲಿನ್ ಎಂಬ ಕುಳ್ಳ ಜೀವಿಗಳು ಮಾತ್ರ ಇದಕ್ಕೆ ಹೊರತು. ಅವು ಬೋನಸ್ ಆಕ್ಷನ್‌ನಲ್ಲಿಯೇ (ಮುಖ್ಯ ಆಕ್ಷನ್ ಅಲ್ಲದೆ ಸಿಗುವ ಚಿಕ್ಕ ಕೆಲಸ) ಡಿಸ್‌ಎಂಗೇಜ್ ಮಾಡಿ ಏಟು ತಿನ್ನದೆ ಜಾರಿಕೊಳ್ಳಬಲ್ಲವು. ಅವುಗಳ ಹಿಟ್ ಪಾಯಿಂಟ್ ಏಳು ಮಾತ್ರ, ಹಾಗಾಗಿ ಅಲ್ಲಿ ನೇರವಾಗಿ ಕಚ್ಚಿಸುವುದೇ ಸರಿ.

ಕಚ್ಚಿಸಬೇಕಾದ ಸಂದರ್ಭಗಳು ಹೀಗೆ ಇಲ್ಲದಿಲ್ಲ. ಶತ್ರು ಸಾಯುವ ಅಂಚಿನಲ್ಲಿದ್ದಾಗ, ಮಂತ್ರವಾದಿ ಏಕಾಗ್ರತೆಯಿಂದ ಒಂದು ಮಂತ್ರವನ್ನು ಹಿಡಿದಿಟ್ಟುಕೊಂಡಿರುವಾಗ, ಶತ್ರು ತಿರುಗಿ ಹೊಡೆಯಲಾಗದಂತೆ ಕಟ್ಟುಬಿದ್ದಿರುವಾಗ ಆಜ್ಞೆ ಕೊಡಿ. ಇನ್ನೊಂದು, ಶತ್ರುವನ್ನು ನೆಲಕ್ಕೆ ಕೆಡಹಬೇಕೆನಿಸಿದಾಗ. ತೋಳ ಕಚ್ಚಿದರೆ ಶತ್ರು 11ರ ಸ್ಟ್ರೆಂತ್ ಸೇವಿಂಗ್ ಥ್ರೋ (ಬಲದ ಅಂಕ ಕೂಡಿಸಿ ಉರುಳಿಸುವ ರಕ್ಷಣೆಯ ದಾಳ) ಗೆಲ್ಲಬೇಕು, ಸೋತರೆ ಬೀಳುತ್ತಾನೆ. ಆದರೆ ಇಲ್ಲಿ ಬಿಲ್ಲು ಹಿಡಿದ ರೇಂಜರ್‌ಗೆ ಒಂದು ತೊಡಕಿದೆ. ಬಿದ್ದವನ ಮೇಲೆ ಐದಡಿಯೊಳಗಿನಿಂದ ಹೊಡೆಯುವವರಿಗೆ ಅಡ್ವಾಂಟೇಜ್ ಸಿಗುತ್ತದೆ, ದೂರದಿಂದ ಬಾಣ ಬಿಡುವ ನಿಮಗೆ ಡಿಸ್‌ಅಡ್ವಾಂಟೇಜ್ ಬರುತ್ತದೆ. ಜೊತೆಗೆ ಬಿದ್ದವನು ತನ್ನ ಸರದಿ ಬಂದ ಕೂಡಲೇ ಅರ್ಧ ನಡಿಗೆಯನ್ನು ಕೊಟ್ಟು ಎದ್ದುಬಿಡುತ್ತಾನೆ. ಆದುದರಿಂದ ಸರದಿಯ ಕ್ರಮವನ್ನು ನೋಡಿಕೊಳ್ಳಿ: ನಿಮ್ಮ ನಂತರ, ಶತ್ರುವಿಗಿಂತ ಮೊದಲು ಫೈಟರ್ ಸರದಿ ಇದ್ದರೆ ಮಾತ್ರ ಕೆಡಹುವುದರಲ್ಲಿ ಅರ್ಥವಿದೆ, ಆಗಲೂ ನಿಮ್ಮ ಬಾಣ ಮೊದಲು ಹೋಗಲಿ, ತೋಳದ ಬಾಯಿ ಆಮೇಲೆ. ಓಗರ್‌ನಂತಹ ಬಲಶಾಲಿ ಹೀಗೆ ಬೀಳುವ ಸಾಧ್ಯತೆ ಕಚ್ಚು ತಾಗಿದಾಗ ಶೇ. 30 ಮಾತ್ರ, ಅದನ್ನೇ ನೆಚ್ಚಿಕೊಂಡು ಯೋಜನೆ ಹಾಕುವುದು ಸಲ್ಲದು.

ಇನ್ನು ಕೋಟೆಯ ಬಾಗಿಲಿಗೆ ಬರೋಣ. ಓಗರ್ ದೊಡ್ಡ ಗಾತ್ರದ ಜೀವಿ, ನಕ್ಷೆಯಲ್ಲಿ ನಾಲ್ಕು ಚೌಕಗಳನ್ನು ತುಂಬುತ್ತದೆ. ಬಯಲಿನಲ್ಲಿ ಅದರ ಸುತ್ತ ಹನ್ನೆರಡು ಚೌಕಗಳು ಸಿಗುತ್ತವೆ. ಹತ್ತಡಿಯ ಬಾಗಿಲೊಳಗೆ ಅದು ನಿಂತರೆ ಎದುರಿಗೆ ಎರಡೇ ಚೌಕಗಳು, ಹಿಂದಕ್ಕೆ ಹೋಗಲು ದಾರಿಯೂ ಇಲ್ಲ. ಗಾತ್ರದಲ್ಲಿ ಎರಡು ದರ್ಜೆಯ ಅಂತರವಿಲ್ಲದೆ ಶತ್ರುವಿನ ಚೌಕವನ್ನು ದಾಟಿ ಹೋಗುವಂತಿಲ್ಲ, ತೋಳಕ್ಕೂ ಓಗರ್‌ಗೂ ಇರುವುದು ಒಂದು ದರ್ಜೆಯ ಅಂತರ ಮಾತ್ರ. ನೀವು ಅಲ್ಲಿಗೆ ಬೊಳ್ಳುವನ್ನು ಕಳುಹಿಸಿದಾಗ ಅದಕ್ಕೆ ಸುತ್ತುವ ಜಾಗವಿರಲಿಲ್ಲ, ಓಗರ್‌ಗೆ ಹೊಡೆಯಲು ಬೇರೆ ಆಯ್ಕೆಯೂ ಇರಲಿಲ್ಲ.

ಆ ಬಾಗಿಲನ್ನು ಬಿಟ್ಟು ಓಗರ್ ಹೊರಗೆ ಬರುವಂತೆ ಮಾಡಬೇಕಿತ್ತು. ಫೈಟರ್ ಇಪ್ಪತ್ತು ಅಡಿ ಹಿಂದೆ ಬಯಲಿನಲ್ಲಿ ನಿಲ್ಲಲಿ, ಅವನ ಬದಿಗೆ ಬೊಳ್ಳು, ಇನ್ನೂ ಹಿಂದೆ ನೀವು ಮತ್ತು ರೋಗ್. ನಿಮ್ಮ ಎರಡು ಬಾಣ ಮತ್ತು ರೋಗ್‌ನ ಒಂದು ಬಾಣ ಪ್ರತಿ ಸುತ್ತೂ ಬೀಳುತ್ತಿದ್ದರೆ ಓಗರ್ ಅಲ್ಲಿಯೇ ನಿಂತು ಈಟಿ ಎಸೆಯಬಹುದು, ಆದರೆ ಆ ಲೆಕ್ಕ ನಿಮಗೇ ಅನುಕೂಲ. ಬಹಳ ಗೇಮ್ ಮಾಸ್ಟರ್‌ಗಳು ಅದನ್ನು ಮುಂದಕ್ಕೆ ನುಗ್ಗಿಸುತ್ತಾರೆ. ಅದು ಫೈಟರ್ ಎದುರಿಗೆ ಬಂದು ನಿಂತ ಮೇಲೆ ನಿಮ್ಮ ಸರದಿಯಲ್ಲಿ ಬೊಳ್ಳುವನ್ನು ಓಗರ್‌ನ ಅಳವಿಗೆ ಹೊರಗಿನಿಂದ ಸುತ್ತಿಸಿ, ಫೈಟರ್‌ಗೆ ಎದುರಾದ ಮೂಲೆಗೆ ತಂದು ನಿಲ್ಲಿಸಿ, ಡಾಡ್ಜ್‌ಗೆ ಬಿಟ್ಟು ನಿಮ್ಮ ಬಾಣಗಳನ್ನು ಬಿಡಿ. ಈಗ ಓಗರ್ ಏನು ಮಾಡಿದರೂ ಅದಕ್ಕೆ ನಷ್ಟವೇ. ಫೈಟರ್‌ಗೆ ಹೊಡೆದರೆ ಕವಚ ತೊಟ್ಟವನಿಗೆ ಹೊಡೆದಂತೆ. ತೋಳಕ್ಕೆ ಹೊಡೆದರೆ ಶೇ. 30ರ ಅದೃಷ್ಟ. ನಿಮ್ಮತ್ತ ಓಡಿ ಬಂದರೆ ಫೈಟರ್‌ನ ಕತ್ತಿ ಒಂದು ಕಡೆಯಿಂದ, ಅಡ್ವಾಂಟೇಜ್ ಸಮೇತ ಬೊಳ್ಳುವಿನ ಬಾಯಿ ಇನ್ನೊಂದು ಕಡೆಯಿಂದ.

ಹಿಂದೆ ಸರಿಯುವುದಕ್ಕೆ ಒಂದು ಗೆರೆಯನ್ನು ಮೊದಲೇ ಹಾಕಿಕೊಳ್ಳಿ. ಎದುರಿಗಿರುವ ಶತ್ರುವಿನ ಒಂದು ಏಟಿನ ಸರಾಸರಿಗೆ ತೋಳದ ಹಿಟ್ ಪಾಯಿಂಟ್ ಇಳಿದರೆ ಅದು ಹೊರಗೆ ಬರಬೇಕು, ಓಗರ್ ಎದುರಿಗೆ ಆ ಗೆರೆ 13. ಡಿಸ್‌ಎಂಗೇಜ್ ಆಜ್ಞೆಗೆ ಐದನೆಯ ಹಂತದಲ್ಲಿ ನಿಮ್ಮ ಆಕ್ಷನ್ ಹೋಗುತ್ತದೆ (ಏಳನೆಯ ಹಂತದಿಂದ ಬೋನಸ್ ಆಕ್ಷನ್‌ನಲ್ಲಿ ಸಾಗುತ್ತದೆ), ಆದರೆ ಡಾಡ್ಜ್ ಮಾಡಿಕೊಂಡೇ ಹಿಂದೆ ಸರಿದರೆ ಆಪರ್ಚುನಿಟಿ ಅಟ್ಯಾಕ್‌ಗೂ ಡಿಸ್‌ಅಡ್ವಾಂಟೇಜ್ ಇರುತ್ತದೆ. ಶತ್ರು ಆ ಸುತ್ತಿನ ರಿಯಾಕ್ಷನ್ ಅನ್ನು ಈಗಾಗಲೇ ಬೇರೆಯವರ ಮೇಲೆ ಖರ್ಚು ಮಾಡಿದ್ದರಂತೂ ಭಯವೇ ಇಲ್ಲ. ನಿಮ್ಮ ತಂಡದಲ್ಲಿ ಗಾಯ ಗುಣಪಡಿಸುವ ಕ್ಲೆರಿಕ್ ಇಲ್ಲ, ಆದುದರಿಂದ ಗಾಯ ವಾಸಿಮಾಡುವ ಒಂದು ಕ್ಯೂರ್ ವೂಂಡ್ಸ್ ಮಂತ್ರವನ್ನು ತೋಳಕ್ಕೆಂದೇ ಮೀಸಲಿಡಿ. ಅದು ಮುಟ್ಟಿ ಮಾಡುವ ಮಂತ್ರ, ತೋಳ ಹಿಂದೆ ಸರಿಯುವಾಗ ನಿಮ್ಮ ಪಕ್ಕಕ್ಕೇ ಬರಲಿ.

ಬೆಂಕಿಯ ಮಂತ್ರಗಳ ವಿಷಯದಲ್ಲಿ ಒಂದೇ ಮಾತು. ಫೈರ್‌ಬಾಲ್‌ನ ನಷ್ಟ ಸರಾಸರಿ 28, ಬೊಳ್ಳು ಸೇವಿಂಗ್ ಥ್ರೋ ಸೋತರೆ ಉಳಿಯುವುದಿಲ್ಲ. ಎದುರಿಗೆ ಮಂತ್ರವಾದಿ ಇರುವಾಗ ಅದನ್ನು ತಂಡದ ಗುಂಪಿನೊಳಗೆ ನಿಲ್ಲಿಸಬೇಡಿ. ತೋಳಕ್ಕೆ ಕವಚ ಮಾಡಿಸುವ ಯೋಚನೆ ಹಲವರಿಗೆ ಬರುತ್ತದೆ. ಪ್ರಾಣಿಯ ಕವಚಕ್ಕೆ ಮನುಷ್ಯರದಕ್ಕಿಂತ ನಾಲ್ಕು ಪಟ್ಟು ಬೆಲೆ, ಎರಡು ಪಟ್ಟು ಭಾರ. ತೋಳದ ಚರ್ಮಕ್ಕೇ 13 ಇರುವಾಗ ಚೈನ್ ಶರ್ಟ್‌ನಿಂದ ಸಿಗುವುದು ಎರಡು ಅಂಕ, ಅದಕ್ಕೆ 200 ಚಿನ್ನದ ನಾಣ್ಯ. ಆ ಹಣವನ್ನು ಗುಣಪಡಿಸುವ ಮದ್ದಿಗೆ ಹಾಕುವುದು ನನ್ನ ಸಲಹೆ.

ಗೇಮ್ ಮಾಸ್ಟರ್ ಒಪ್ಪುವುದಾದರೆ, 2020ರ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕದ ಪ್ರೈಮಲ್ ಕಂಪ್ಯಾನಿಯನ್ ನಿಯಮಕ್ಕೆ ಬದಲಾಗಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ. ನೆಲದ ಪ್ರಾಣಿಯನ್ನು ಆರಿಸಿ ಅದನ್ನೇ ತೋಳವೆಂದು ಕರೆಯಬಹುದು. ಐದನೆಯ ಹಂತದಲ್ಲಿ ಅದಕ್ಕೆ 30 ಹಿಟ್ ಪಾಯಿಂಟ್ ಇರುತ್ತದೆ, ದಾಳಿಯ ಆಜ್ಞೆಗೆ ಬೋನಸ್ ಆಕ್ಷನ್ ಸಾಕು, ಆಜ್ಞೆ ಇಲ್ಲದಿದ್ದರೆ ಅದೂ ಡಾಡ್ಜ್ ಮಾಡುತ್ತದೆ. ಇಪ್ಪತ್ತು ಅಡಿ ನೇರವಾಗಿ ಓಡಿ ಬಂದು ಹೊಡೆದರೆ ಹೆಚ್ಚುವರಿ ನಷ್ಟವಿದೆ, ಕೆಡಹುವ ಅವಕಾಶವೂ ಇದೆ, ಹಾಗಾಗಿ ಅದನ್ನು ಶತ್ರುವಿನ ಪಕ್ಕದಲ್ಲಿಯೇ ಇಟ್ಟುಕೊಳ್ಳುವುದಕ್ಕಿಂತ ದೂರದಲ್ಲಿಟ್ಟು ನುಗ್ಗಿಸುವುದು ಮೇಲು. ಪ್ಯಾಕ್ ಟ್ಯಾಕ್ಟಿಕ್ಸ್ ಅದಕ್ಕಿಲ್ಲ. ಹಂಟರ್ಸ್ ಮಾರ್ಕ್ ಕೂಡ ಬೋನಸ್ ಆಕ್ಷನ್ ಬೇಡುವುದರಿಂದ ಮೊದಲ ಸುತ್ತಿನಲ್ಲಿ ಯಾವುದು ಮುಂದೆ ಎಂದು ನೀವು ತೀರ್ಮಾನಿಸಿಕೊಳ್ಳಬೇಕು. ದೀರ್ಘ ಕಾಳಗವೆಂದು ತೋರಿದರೆ ನಾನು ಮಾರ್ಕ್ ಮೊದಲು ಹಾಕುತ್ತೇನೆ. ನಿಮ್ಮಂತೆ ಪ್ರಾಣಿಯನ್ನು ಹಚ್ಚಿಕೊಂಡವರಿಗೆ ಇದರಲ್ಲಿ ಇನ್ನೊಂದು ಸಮಾಧಾನವಿದೆ: ಅದು ಸತ್ತು ಒಂದು ಗಂಟೆ ಕಳೆಯುವ ಮೊದಲು ಮುಟ್ಟಿ ಒಂದು ಸ್ಪೆಲ್ ಸ್ಲಾಟ್ (ಒಂದು ಮಂತ್ರ ಹಾಕುವ ಅವಕಾಶ) ಖರ್ಚು ಮಾಡಿದರೆ ಒಂದು ನಿಮಿಷದಲ್ಲಿ ಅದೇ ಪ್ರಾಣಿ ಪೂರ್ಣ ಹಿಟ್ ಪಾಯಿಂಟ್‌ಗಳೊಡನೆ ಎದ್ದು ಬರುತ್ತದೆ. ಹೊಸ ಪ್ರಾಣಿಯೊಡನೆ ಎಂಟು ಗಂಟೆ ಕಳೆದು ನಂಟು ಬೆಳೆಸುವ ಹಳೆಯ ನಿಯಮಕ್ಕಿಂತ ಇದು ಎಷ್ಟೋ ದಯೆಯುಳ್ಳದ್ದು.

ಹಳೆಯ ನಿಯಮದಲ್ಲಿಯೇ ಮುಂದುವರಿಯುವಿರಾದರೆ, ಹಿಟ್ ಪಾಯಿಂಟ್ ಸೊನ್ನೆಯಾದ ಕೂಡಲೇ ತೋಳ ಸಾಯಬೇಕೇ, ಅಥವಾ ಆಟಗಾರರ ಪಾತ್ರಗಳಂತೆ ಡೆತ್ ಸೇವ್ (ಬದುಕುಳಿಯಲು ಉರುಳಿಸುವ ದಾಳ) ಉರುಳಿಸಬಹುದೇ ಎಂಬುದನ್ನು ಮುಂದಿನ ಆಟಕ್ಕೆ ಮೊದಲೇ ಗೇಮ್ ಮಾಸ್ಟರ್ ಜೊತೆ ಮಾತನಾಡಿಕೊಳ್ಳಿ. ಸಾಮಾನ್ಯ ಪ್ರಾಣಿಗಳು ಕೂಡಲೇ ಸಾಯುವುದು ವಾಡಿಕೆ, ಆದರೆ ಮುಖ್ಯ ಪಾತ್ರಗಳಿಗೆ ವಿನಾಯಿತಿ ಕೊಡಲು ಪುಸ್ತಕವೇ ಗೇಮ್ ಮಾಸ್ಟರ್‌ಗೆ ಅವಕಾಶ ಮಾಡಿಕೊಟ್ಟಿದೆ, ಹೆಸರಿಟ್ಟು ಸಾಕಿದ ಸಂಗಾತಿ ಮುಖ್ಯ ಪಾತ್ರವೇ.

ಪಾತ್‌ಫೈಂಡರ್ ಎರಡನೆಯ ಆವೃತ್ತಿಯಲ್ಲಿ ನಿಮ್ಮ ಪಾಡು ಇದಕ್ಕಿಂತ ಚೆನ್ನಾಗಿರುತ್ತದೆ. ಅಲ್ಲಿ ಪ್ರತಿ ಸರದಿಗೆ ಮೂರು ಆಕ್ಷನ್. ಒಂದನ್ನು ಆಜ್ಞೆಗೆ ಕೊಟ್ಟರೆ ಪ್ರಾಣಿಗೆ ಎರಡು ಸಿಗುತ್ತವೆ. ಒಂದೇ ಸರದಿಯಲ್ಲಿ ನೀವು ಮಾಡುವ ಎರಡನೆಯ ದಾಳಿಗೆ ಸಾಮಾನ್ಯವಾಗಿ 5, ಮೂರನೆಯದಕ್ಕೆ 10 ಕಡಿತವಿರುತ್ತದೆ. ಪ್ರಾಣಿಯ ಕಡಿತದ ಲೆಕ್ಕ ಪ್ರತ್ಯೇಕ, ಅದರ ಮೊದಲ ದಾಳಿಗೆ ಕಡಿತವಿಲ್ಲ. ತಾಗುವ ಭರವಸೆಯಿಲ್ಲದ ಮೂರನೆಯ ಬಾಣದ ಬದಲು ತೋಳವನ್ನು ನಡೆಸುವುದು ಅಲ್ಲಿ ಸ್ಪಷ್ಟವಾಗಿ ಲಾಭಕರ. ಫೈಟರ್ ಮತ್ತು ತೋಳ ಎದುರುಬದುರು ನಿಂತರೆ ಶತ್ರು ಅವರಿಬ್ಬರ ಎದುರಿಗೆ ಆಫ್ ಗಾರ್ಡ್ ಆಗಿ ಅದರ ಆರ್ಮರ್ ಕ್ಲಾಸ್ ಎರಡು ಇಳಿಯುತ್ತದೆ. ಹಾಗಾಗಿ ಅಲ್ಲಿ ಪಕ್ಕದಲ್ಲಿರುವುದು ಸಾಲದು, ಸರಿಯಾದ ಎದುರು ಚೌಕವೇ ಬೇಕು.

ಕಚ್ಚುವ ಬದಲು ಸಪೋರ್ಟ್ ಎಂಬ ಆಕ್ಷನ್ ಕೊಡುವ ಅವಕಾಶವನ್ನು ಬಿಲ್ಲು ಹಿಡಿದ ನೀವು ಅಲ್ಲಿ ಚೆನ್ನಾಗಿ ಬಳಸಬಹುದು. ತೋಳ ಸಪೋರ್ಟ್ ಮಾಡುತ್ತಿರುವಾಗ ಅದರ ಅಳವಿನಲ್ಲಿರುವ ಶತ್ರುವಿಗೆ ನಿಮ್ಮ ಬಾಣ ತಾಗಿ ನಷ್ಟವಾದರೆ ಆ ಶತ್ರುವಿನ ವೇಗ ಒಂದು ನಿಮಿಷದ ಕಾಲ ಐದು ಅಡಿ, ಏಟು ಕ್ರಿಟಿಕಲ್ (ವಿಶೇಷ ಬಲದ್ದು) ಆದರೆ ಹತ್ತು ಅಡಿ ಕಡಿಮೆಯಾಗುತ್ತದೆ. ಕರಡಿಯಾದರೆ ತನ್ನ ಅಳವಿನಲ್ಲಿರುವ ಶತ್ರುವಿಗೆ ನಿಮ್ಮ ಪ್ರತಿ ಏಟಿನ ಜೊತೆಗೆ ಎಂಟು ಮುಖದ ಒಂದು ದಾಳದಷ್ಟು ನಷ್ಟವನ್ನು ಸೇರಿಸುತ್ತದೆ. ಎರಡು ಬಾಣ ಬಿಡುವ ಬಿಲ್ಲುಗಾರರಿಗೆ ಕರಡಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ, ಓಡುವ ಶತ್ರುಗಳನ್ನು ಕಟ್ಟಿಹಾಕಲು ತೋಳ. ಒಂದು ಎಚ್ಚರಿಕೆ: ಸಪೋರ್ಟ್ ಮಾಡುವ ಸರದಿಯಲ್ಲಿ ಪ್ರಾಣಿ ಜಾಗ ಹಿಡಿಯಲು ನಡೆಯುವುದನ್ನು ಬಿಟ್ಟು ಬೇರೇನನ್ನೂ ಮಾಡುವಂತಿಲ್ಲ, ಆಜ್ಞೆಯಿಲ್ಲದಿದ್ದರೆ ಅಲ್ಲಿ ಡಾಡ್ಜ್‌ನಂತಹ ಉಚಿತ ರಕ್ಷಣೆಯೂ ಇಲ್ಲ. ಹೀಗಾಗಿ ಅಲ್ಲಿ ಆಜ್ಞೆ ಕೊಡುವ ಯೋಚನೆಯಿಲ್ಲದ ಸರದಿಯಲ್ಲಿ ತೋಳವನ್ನು ಶತ್ರುವಿನ ಅಳವಿನೊಳಗೆ ಬಿಟ್ಟಿರಬೇಡಿ. ಹಿಂದಿನ ಸರದಿಯ ಎರಡನೆಯ ಆಕ್ಷನ್‌ನಲ್ಲಿಯೇ ಅದನ್ನು ಹೊರಗೆ ತಂದಿರಿ. ಆಪರ್ಚುನಿಟಿ ಅಟ್ಯಾಕ್‌ಗೆ ಸಮನಾದ ರಿಯಾಕ್ಷನ್ ಅಲ್ಲಿ ಎಲ್ಲ ಜೀವಿಗಳಿಗೂ ಇರುವುದಿಲ್ಲವಾದ್ದರಿಂದ ಹಾಗೆ ಬಂದು ಹೋಗುವುದು ಐದನೆಯ ಆವೃತ್ತಿಗಿಂತ ಸುಲಭ. ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಪಾತ್‌ಫೈಂಡರ್ ನಿಯಮಗಳೆಲ್ಲ ಉಚಿತವಾಗಿ ಸಿಗುತ್ತವೆ. ತೋಳ ಮತ್ತು ಕರಡಿ ಎರಡರ ವಿವರವನ್ನೂ ಓದಿ, ಬದಲಾಯಿಸುವ ಮೊದಲು ಅದೇ ಓಗರ್ ಕಾಳಗವನ್ನು ಎರಡರಿಂದಲೂ ಒಮ್ಮೆ ಆಡಿ ನೋಡಿ.